ಹೂವಿಗೆ ನೀರು ಬೇಕಾದ ಹೊತ್ತಿಗೆ ಕರೆಂಟು ಕೊಡಿ: ಕೊಡಗಿನಿಂದ ಒಂದು ಬಹಿರಂಗ ಪತ್ರ

ರಾಜ್ಯದ ವಿದ್ಯುತ್ ಹೊಣೆ ಹೊತ್ತಿರುವ ಹಿರಿಯ ಅಧಿಕಾರಿಗಳಿಗೆ ಮತ್ತು ಜನಪ್ರತಿನಿಧಿಗಳಿಗೆ,

ಮಾನ್ಯರೇ,

ನಾನು ಕೊಡಗಿನ ಸುಂಟಿಕೊಪ್ಪದ ಕಡೆಯ ಒಬ್ಬ ಸಣ್ಣ ಕಾಫಿ ಬೆಳೆಗಾರ. ಆರು ಎಕರೆ ತೋಟ. ಐದು ಎಕರೆ ರೊಬಸ್ಟಾ, ಒಂದು ಎಕರೆ ಅರೇಬಿಕಾ, ಮರಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿ. ಅಪ್ಪನ ಕಾಲದಿಂದ ಇದೇ ನಮ್ಮ ಬದುಕು. ಕರೆಂಟಿನ ವಿಷಯವಾಗಿ ಎರಡು ವರ್ಷದಲ್ಲಿ ಮೂರು ಅರ್ಜಿ ಕೊಟ್ಟಿದ್ದೇನೆ. ಮೂರಕ್ಕೂ ಸೀಲು ಹಾಕಿದ ಪ್ರತಿ ನನ್ನ ಹತ್ತಿರ ಇದೆ. ಉತ್ತರ ಬಂದಿಲ್ಲ. ಆದ್ದರಿಂದ ಈ ಸಲ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ನನ್ನ ಒಬ್ಬನ ತೋಟದ ತೊಂದರೆ ಮಾತ್ರ ಆಗಿದ್ದರೆ ಇಷ್ಟು ದೂರ ಬರುತ್ತಿರಲಿಲ್ಲ.

ಮೊದಲು ನಮ್ಮ ಕೆಲಸ ಹೇಗೆ ನಡೆಯುತ್ತದೆ ಅಂತ ಹೇಳಿಬಿಡುತ್ತೇನೆ. ಅದು ಗೊತ್ತಾಗದೆ ನಮ್ಮ ದೂರು ಅರ್ಥವಾಗುವುದಿಲ್ಲ.

ಫೆಬ್ರವರಿ ಹೊತ್ತಿಗೆ ರೊಬಸ್ಟಾ ಗಿಡದ ಗೆಣ್ಣು ಗೆಣ್ಣಿನಲ್ಲೂ ಮೊಗ್ಗು ಕೂತಿರುತ್ತದೆ. ಅದು ಅರಳಬೇಕಾದರೆ ನೀರು ಬೀಳಬೇಕು. ಅಪ್ಪನ ಕಾಲದಲ್ಲಿ ಹೂಮಳೆಗೆ ಕಾಯುತ್ತಿದ್ದರು. ಒಂದು ಒಳ್ಳೆ ಮಳೆ ಬಿದ್ದರೆ ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗಿ, ಮನೆಯೊಳಗೆ ಕೂತರೂ ಹೂವಿನ ಘಮ ಬರುತ್ತಿತ್ತು. ಈಗ ಮಳೆಯನ್ನು ನಂಬಿ ಕೂರುವ ಹಾಗಿಲ್ಲ. ಕೆರೆಯಿಂದ ನೀರೆತ್ತಿ ಸ್ಪ್ರಿಂಕ್ಲರ್ ಹಾಕಲೇಬೇಕು. ಒಂದು ಎಕರೆಗೆ ಒಂದು ಇಂಚು ನೀರು ಅಂದರೆ ಸುಮಾರು ಒಂದು ಲಕ್ಷ ಲೀಟರ್. ಹೂವಿಗೆ ನಾನು ಒಂದೂವರೆ ಇಂಚು ಕೊಡುತ್ತೇನೆ. ನಮ್ಮ ತೋಟ ಏರಿನಲ್ಲಿದೆ, ಕೆರೆ ಕೆಳಗಿದೆ. ನನ್ನ 10 ಎಚ್‌ಪಿ ಮೋಟರ್ ಒಂದು ಎಕರೆ ಮುಗಿಸಲು ಆರು ಗಂಟೆಗೂ ಜಾಸ್ತಿ ಓಡಬೇಕು. ಹೂ ಬಿಟ್ಟು ಎರಡು-ಮೂರು ವಾರಕ್ಕೆ ಇನ್ನೊಂದು ಸುತ್ತು ನೀರು, ನಾವು ಬ್ಯಾಕಿಂಗ್ ಅನ್ನುತ್ತೇವೆ. ಅದು ತಪ್ಪಿದರೆ ಕಟ್ಟಿದ ಕಾಯಿ ನಿಲ್ಲುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ನೀರು ಪೂರ್ತಿ ಕೊಡಬೇಕು, ಇಲ್ಲವಾದರೆ ಕೊಡಲೇಬಾರದು. ಅರ್ಧಂಬರ್ಧ ಕೊಟ್ಟರೆ ಮೊಗ್ಗು ಉಬ್ಬುತ್ತದೆ, ಅರಳುವುದಿಲ್ಲ, ಹಾಗೆಯೇ ಒಣಗುತ್ತದೆ. ಒಂದು ಸಲ ಒಣಗಿದ ಮೊಗ್ಗಿಗೆ ಆಮೇಲೆ ಎಷ್ಟು ನೀರು ಸುರಿದರೂ ಉಪಯೋಗವಿಲ್ಲ. ಮುಂದಿನ ಹೂವಿಗೆ ಇನ್ನೊಂದು ವರ್ಷ ಕಾಯಬೇಕು.

ಈಗ ಕಳೆದ ಫೆಬ್ರವರಿಯಲ್ಲಿ ಏನಾಯಿತು ಅಂತ ಹೇಳುತ್ತೇನೆ. ನಮ್ಮ ಲೈನಿಗೆ ಮೋಟರ್ ಓಡಲು ಬೇಕಾದ ತ್ರೀ ಫೇಸ್ ಕರೆಂಟು ಹಗಲು ಕೆಲವು ದಿನ, ರಾತ್ರಿ ಕೆಲವು ದಿನ ಬರುತ್ತಿತ್ತು. ಯಾವ ದಿನ ಯಾವಾಗ ಅಂತ ಮೊದಲೇ ಹೇಳುವವರಿಲ್ಲ. ರಾತ್ರಿ ಹನ್ನೊಂದಕ್ಕೆ ಬಂದರೆ ಟಾರ್ಚ್ ಹಿಡಿದು ಕೆರೆಯ ಹತ್ತಿರ ಹೋಗಿ ಮೋಟರ್ ಹಾಕಬೇಕು. ನಮ್ಮ ಕಡೆ ಸಂಜೆಯಾದ ಮೇಲೆ ಆನೆ ಯಾವ ಗಿಡದ ಮರೆಯಲ್ಲಿ ನಿಂತಿರುತ್ತದೆ ಅಂತ ಹೇಳಲು ಬರುವುದಿಲ್ಲ. ತೋಟದಲ್ಲಿ ಆನೆ ತುಳಿತಕ್ಕೆ ಜೀವ ಹೋದ ಸುದ್ದಿ ಕೊಡಗಿನವರಿಗೆ ಹೊಸದಲ್ಲ. ನಾನು ಮೋಟರ್ ಹಾಕಿ ಮನೆಗೆ ಬರುವವರೆಗೂ ಹೆಂಡತಿ ಬಾಗಿಲಲ್ಲೇ ನಿಂತಿರುತ್ತಾಳೆ. ಇದು ಒಂದು ದಿನದ ಮಾತಲ್ಲ, ನೀರು ಹಾಕುವಷ್ಟು ದಿನವೂ ಇದೇ ಪಾಡು.

ಹಾಗೆ ಬಂದ ಕರೆಂಟಾದರೂ ನಿಲ್ಲುತ್ತದೆಯೇ? ಒಂದೂವರೆ ಗಂಟೆ ಇರುತ್ತದೆ, ಹೋಗುತ್ತದೆ. ಮುಕ್ಕಾಲು ಗಂಟೆ ಬಿಟ್ಟು ಬರುತ್ತದೆ. ಬಂದಾಗ ವೋಲ್ಟೇಜ್ ಇಲ್ಲ. ಒಂದೇ ಟಿಸಿ (ಟ್ರಾನ್ಸ್‌ಫಾರ್ಮರ್) ಮೇಲೆ ಆ ಸಮಯಕ್ಕೆ ಸುತ್ತಲಿನ ಎಲ್ಲ ತೋಟದವರೂ ಮೋಟರ್ ಹಾಕುತ್ತಾರೆ, ಯಾಕೆಂದರೆ ಎಲ್ಲರ ಮೊಗ್ಗೂ ಒಂದೇ ಸಮಯಕ್ಕೆ ಬಲಿತಿರುತ್ತದೆ. ಎರಡನೇ ವಾರದಲ್ಲಿ ನನ್ನ ಮೋಟರ್ ಗುಂಯ್ ಅಂತ ಶಬ್ದ ಮಾಡಿ ನಿಂತಿತು. ವೈಂಡಿಂಗ್ ಸುಟ್ಟಿತ್ತು. ಬಿಚ್ಚಿ ಜೀಪಿನಲ್ಲಿ ಹಾಕಿಕೊಂಡು ಕುಶಾಲನಗರಕ್ಕೆ ಹೋದೆ. ಅಂಗಡಿಯಲ್ಲಿ ನನಗಿಂತ ಮುಂಚೆ ಬಂದ ಮೋಟರ್‌ಗಳು ಸಾಲಾಗಿ ಕೂತಿದ್ದವು. ವೈಂಡಿಂಗ್ ಮಾಡುವವರು ಹೇಳಿದ್ದು ಒಂದೇ ಮಾತು: "ಎಲ್ಲ ಲೋ ವೋಲ್ಟೇಜ್ ಅಣ್ಣ, ನಾಲ್ಕು ದಿನ ಆಗುತ್ತೆ." ಆ ನಾಲ್ಕು ದಿನದಲ್ಲಿ ಅರ್ಧ ನೀರು ಕುಡಿದಿದ್ದ ಒಂದು ಎಕರೆಯ ಮೊಗ್ಗು ಕಂದು ಬಣ್ಣಕ್ಕೆ ತಿರುಗಿತು. ಆ ಎಕರೆಯಲ್ಲಿ ಈ ವರ್ಷ ಕುಯ್ಲಿಗೆ ಆಳು ಹಾಕಿದ ಕೂಲಿ ಹುಟ್ಟುವುದೂ ಕಷ್ಟ.

ಉಳಿದ ಎಕರೆಗಳಿಗೆ ಡೀಸೆಲ್ ಪಂಪ್ ಬಾಡಿಗೆಗೆ ತಂದೆ. ಡೀಸೆಲ್ ಲೀಟರಿಗೆ ತೊಂಬತ್ತು ರೂಪಾಯಿ ಆಸುಪಾಸು. ಗಂಟೆಗೆ ಎರಡು ಲೀಟರ್ ಹತ್ತಿರ ಕುಡಿಯುತ್ತದೆ. ಎಕರೆಗೆ ಸಾವಿರ ರೂಪಾಯಿಗೂ ಜಾಸ್ತಿ ಡೀಸೆಲ್ಲೇ ಆಯಿತು, ಬಾಡಿಗೆ ಬೇರೆ. ಜನರೇಟರ್ ಇಟ್ಟುಕೊಂಡವರ ಲೆಕ್ಕವೂ ಬೇರೆಯಲ್ಲ. ಒಂದು ಲೀಟರ್ ಡೀಸೆಲ್ಲಿಗೆ ಹೆಚ್ಚೆಂದರೆ ಮೂರು-ಮೂರೂವರೆ ಯೂನಿಟ್ ಬರುತ್ತದೆ. ಅಂದರೆ ಯೂನಿಟ್ಟಿಗೆ ಇಪ್ಪತ್ತೈದರಿಂದ ಮೂವತ್ತು ರೂಪಾಯಿ. ಲೈನಿನ ಕರೆಂಟಿಗೆ ಕೊಡುವುದಕ್ಕಿಂತ ಎಷ್ಟೋ ಪಟ್ಟು.

ಕುಯ್ಲಿನ ಕಾಲದಲ್ಲಿ ಇನ್ನೊಂದು ಬಗೆಯ ಸಂಕಟ. ಅರೇಬಿಕಾ ಹಣ್ಣು ಕುಯ್ದ ದಿನವೇ ಪಲ್ಪ್ ಆಗಬೇಕು, ಅಂದರೆ ಯಂತ್ರದಲ್ಲಿ ಸಿಪ್ಪೆ ಬಿಡಿಸಬೇಕು. ಬೆಳಗ್ಗೆಯಿಂದ ಕುಯ್ದು, ಸಂಜೆ ನಾಲ್ಕಕ್ಕೆ ತೂಕ ಮಾಡಿ, ಐದಕ್ಕೆ ಪಲ್ಪರ್‌ಗೆ ಹಾಕುವುದು ವಾಡಿಕೆ. ಡಿಸೆಂಬರ್‌ನಲ್ಲಿ ಒಂದು ಸಂಜೆ ಪಲ್ಪರ್ ಶುರುವಾಗಿ ಹತ್ತು ನಿಮಿಷಕ್ಕೆ ಕರೆಂಟು ಹೋಯಿತು. ಬಂದಿದ್ದು ಮರುದಿನ ಬೆಳಗ್ಗೆ ಎಂಟೂವರೆಗೆ. ರಾತ್ರಿಯೆಲ್ಲ ಹಣ್ಣು ರಾಶಿಯಲ್ಲಿ ಬಿಸಿಯಾಗಿ ಹುಳಿ ವಾಸನೆ ಬಂತು. ಹುಳಿ ಹಿಡಿದ ಹಣ್ಣಿನ ಬೀಜ ಎಷ್ಟು ತೊಳೆದರೂ ಆ ವಾಸನೆ ಬಿಡುವುದಿಲ್ಲ. ಕೊಳ್ಳುವವರು ಒಂದು ಹಿಡಿ ತೆಗೆದು ಮೂಸಿ ನೋಡಿದರು, ಬೆಲೆ ಇಳಿಸಿದರು. ಅವರ ಮೇಲೆ ನನಗೆ ಬೇಸರವಿಲ್ಲ. ಕೆಟ್ಟ ಕಾಫಿಗೆ ಒಳ್ಳೆ ಕಾಫಿಯ ಬೆಲೆ ಯಾರು ಕೊಡುತ್ತಾರೆ? ವರ್ಷವಿಡೀ ಮಾಡಿದ ಒಳ್ಳೆ ಕೆಲಸ ಒಂದು ರಾತ್ರಿಯಲ್ಲಿ ಹಾಳಾಯಿತಲ್ಲ ಎಂಬುದೇ ಬೇಸರ.

ನಮ್ಮೂರಿನ ಒಬ್ಬ ಅಕ್ಕ ಸಾಲ ತೆಗೆದು ಕಾಫಿ ಹುರಿದು ಪುಡಿ ಮಾಡುವ ಸಣ್ಣ ಘಟಕ ಹಾಕಿದ್ದಾರೆ. ಮೂವರು ಹೆಣ್ಣುಮಕ್ಕಳಿಗೆ ಅಲ್ಲಿ ಕೆಲಸ ಸಿಕ್ಕಿದೆ. ಹುರಿಯುವ ಡ್ರಮ್ಮಿಗೆ ಬೆಂಕಿ ಗ್ಯಾಸಿನದು, ತಿರುಗುವುದು ಕರೆಂಟಿನಲ್ಲಿ. ಕರೆಂಟು ಹೋದ ಕೂಡಲೇ ಡ್ರಮ್ ನಿಲ್ಲುತ್ತದೆ, ಕಾದ ಕಬ್ಬಿಣಕ್ಕೆ ತಾಗಿದ ಬೀಜ ಒಂದೆರಡು ನಿಮಿಷದಲ್ಲಿ ಕರಕಲಾಗುತ್ತದೆ. ಗ್ಯಾಸ್ ಆರಿಸಿ, ಕೈ ಹಿಡಿಯಿಂದ ತಿರುಗಿಸಿ ಹೊರಗೆ ಹಾಕಲು ಅವರು ಓಡುವುದನ್ನು ನಾನೇ ನೋಡಿದ್ದೇನೆ. ಜನರೇಟರ್ ಕೊಳ್ಳಿ ಅಂದರೆ, "ಅದಕ್ಕೆ ಹಾಕುವ ದುಡ್ಡಿದ್ದರೆ ಇನ್ನೊಂದು ಡ್ರಮ್ ಹಾಕುತ್ತಿದ್ದೆ, ಇನ್ನಿಬ್ಬರಿಗೆ ಕೆಲಸ ಕೊಡುತ್ತಿದ್ದೆ" ಅಂದರು. ಆ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಈ ಪತ್ರ ಬರೆಯಲು ಅದೂ ಒಂದು ಕಾರಣ.

ಯಾಕೆಂದರೆ ದೇಶದ ಲೆಕ್ಕದಲ್ಲೂ ಇದೇ ನಡೆಯುತ್ತದೆ. ಭಾರತದ ಕಾರ್ಖಾನೆಗಳ ಮೇಲೆ ವಿದ್ಯುತ್ ಕೊರತೆಯ ಪರಿಣಾಮ ಏನು ಅಂತ ಅರ್ಥಶಾಸ್ತ್ರಜ್ಞರು ಮಾಡಿದ ಒಂದು ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಸರಾಸರಿ ಕಾರ್ಖಾನೆಯ ಆದಾಯದಲ್ಲಿ ನೂರಕ್ಕೆ ಐದರಿಂದ ಹತ್ತರಷ್ಟು ಕರೆಂಟಿನ ಕೊರತೆಯಿಂದಲೇ ಹೋಗುತ್ತದೆ ಅಂತ ಅದರಲ್ಲಿ ಲೆಕ್ಕ ಹಾಕಿದ್ದಾರೆ. ಸಣ್ಣ ಕಾರ್ಖಾನೆಗಳಿಗೆ ಏಟು ಜಾಸ್ತಿ, ಯಾಕೆಂದರೆ ಜನರೇಟರ್ ದೊಡ್ಡದಾದಷ್ಟೂ ಯೂನಿಟ್ ಅಗ್ಗ, ಸಣ್ಣದಾದಷ್ಟೂ ದುಬಾರಿ. ಇನ್ನೊಂದು ಮಾತೂ ಅದರಲ್ಲಿದೆ. ಹೆಚ್ಚಿನ ಕಚ್ಚಾ ಮಾಲನ್ನು ಕರೆಂಟು ಬರುವವರೆಗೆ ಎತ್ತಿಡಬಹುದು, ಹಾಗಾಗಿ ಕೆಲಸದ ದಕ್ಷತೆಗೆ ಆಗುವ ನಷ್ಟ ಅಷ್ಟು ದೊಡ್ಡದಲ್ಲ ಅಂತ. ಬಟ್ಟೆ, ಕಬ್ಬಿಣ, ಸಿಮೆಂಟಿನ ವಿಷಯಕ್ಕೆ ಅದು ಸರಿ ಇರಬಹುದು. ನೂಲನ್ನು ನಾಳೆ ನೇಯಬಹುದು. ಕಾಫಿ ಹಣ್ಣನ್ನು ನಾಳೆಗೆ ಇಡಲು ಬರುವುದಿಲ್ಲ. ಮೊಗ್ಗನ್ನು ಮುಂದಿನ ವಾರಕ್ಕೆ ಇಡಲು ಬರುವುದಿಲ್ಲ. ಹಾಲು, ಮೀನು, ಹೂವು, ತರಕಾರಿಯೂ ಹಾಗೆಯೇ. ನಮ್ಮಂಥ ದೇಶದಲ್ಲಿ ಬಡವರು, ಸಣ್ಣವರು ಹೆಚ್ಚಾಗಿ ಮಾಡುವುದು ಇಂಥ ಕಾಯದ ಕೆಲಸವನ್ನೇ. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದು. ಒಂದೇ ಒಂದು ಗಂಟೆ ಕರೆಂಟು ಹೋದರೆ ಎಲ್ಲರಿಗೂ ಒಂದೇ ನಷ್ಟ ಆಗುವುದಿಲ್ಲ. ಕೆಲವರಿಗೆ ಒಂದು ಗಂಟೆ ಹೋಗುತ್ತದೆ, ಕೆಲವರಿಗೆ ಒಂದು ವರ್ಷವೇ ಹೋಗುತ್ತದೆ.

ಸುತ್ತಲಿನ ದೇಶಗಳನ್ನು ನೋಡಿ. 2022ರಲ್ಲಿ ಶ್ರೀಲಂಕಾದಲ್ಲಿ ಇಂಧನ ಕೊಳ್ಳಲು ಡಾಲರ್ ಇಲ್ಲದೆ ದಿನಕ್ಕೆ ಹದಿಮೂರು ಗಂಟೆಯವರೆಗೂ ಕರೆಂಟು ತೆಗೆದರು. ಅಲ್ಲಿ ಬೆಟ್ಟದ ಮೇಲೆ ಚಹಾ ತೋಟಗಳಿವೆ. ಚಹಾ ಎಲೆಯೂ ನಮ್ಮ ಅರೇಬಿಕಾ ಹಣ್ಣಿನ ಹಾಗೆ, ಕಿತ್ತ ಮೇಲೆ ಕಾಯುವುದಿಲ್ಲ. ಡಾಲರ್ ತರುವ ಬೆಳೆಗೇ ಕರೆಂಟಿಲ್ಲ ಅಂದರೆ ಡಾಲರ್ ಎಲ್ಲಿಂದ ಬರಬೇಕು? ನೈಜೀರಿಯಾದಲ್ಲಿ ಇಪ್ಪತ್ತು ಕೋಟಿಗೂ ಹೆಚ್ಚು ಜನ. ಅಲ್ಲಿನ ವಿದ್ಯುತ್ ಜಾಲಕ್ಕೆ ಸಿಗುವುದು ನಾಲ್ಕೈದು ಸಾವಿರ ಮೆಗಾವ್ಯಾಟ್ ಮಾತ್ರ. ಏಳು ಕೋಟಿ ಜನರಿರುವ ನಮ್ಮ ಕರ್ನಾಟಕ ಬೇಸಿಗೆಯಲ್ಲಿ ಅದರ ಮೂರು ಪಟ್ಟಿಗೂ ಜಾಸ್ತಿ ಬಳಸುತ್ತದೆ. ಎಣ್ಣೆ ಬಾವಿಗಳಿರುವ ಆ ದೇಶದಲ್ಲಿ ಕ್ಷೌರದಂಗಡಿಯಿಂದ ಕಾರ್ಖಾನೆಯವರೆಗೆ ಎಲ್ಲರೂ ಸ್ವಂತ ಜನರೇಟರ್ ನಂಬಿ ಬದುಕುತ್ತಿದ್ದಾರೆ.

ನೇಪಾಳದ ಕತೆ ಬೇರೆ. ಚಳಿಗಾಲದಲ್ಲಿ ಅಲ್ಲಿ ದಿನಕ್ಕೆ ಹದಿನಾರು ಗಂಟೆ ಲೋಡ್ ಶೆಡ್ಡಿಂಗ್ ಇದ್ದ ಕಾಲವಿತ್ತು. 2016ರಲ್ಲಿ ಕುಲ್ಮಾನ್ ಘಿಸಿಂಗ್ ಅಲ್ಲಿನ ವಿದ್ಯುತ್ ಪ್ರಾಧಿಕಾರದ ಹೊಣೆ ಹೊತ್ತರು. ಆ ವರ್ಷದ ಕೊನೆಗೇ ಕಠ್ಮಂಡುವಿನಲ್ಲಿ ಲೋಡ್ ಶೆಡ್ಡಿಂಗ್ ನಿಂತಿತು. ಅಷ್ಟರಲ್ಲಿ ಹೊಸ ಅಣೆಕಟ್ಟು ಎದ್ದಿರಲಿಲ್ಲ. ಇದ್ದ ಕರೆಂಟನ್ನು ಯಾರಿಗೆ ಯಾವಾಗ ಎಷ್ಟು ಅಂತ ಸರಿಯಾಗಿ ಹಂಚಿದರು, ಕೊರತೆಯಾದದ್ದನ್ನು ಭಾರತದಿಂದ ತರಿಸಿದರು. ಅಲ್ಲಿ ಆಗಿದ್ದು ನಮ್ಮಲ್ಲಿ ಆಗಬಾರದೇ?

ನಮ್ಮ ದೇಶ ಮಾಡಿರುವ ಕೆಲಸವನ್ನು ನಾನು ಕಡೆಗಣಿಸುವುದಿಲ್ಲ. 2012-13ರಲ್ಲಿ ದೇಶದ ಬೇಡಿಕೆಯಲ್ಲಿ ನೂರಕ್ಕೆ ಎಂಟಕ್ಕೂ ಹೆಚ್ಚು ಪಾಲು ಪೂರೈಸಲು ಆಗುತ್ತಿರಲಿಲ್ಲ. 2012ರ ಜುಲೈ 30 ಮತ್ತು 31ರಂದು ಉತ್ತರ, ಪೂರ್ವ ಭಾರತದ ಜಾಲವೇ ಕುಸಿದು ಅರವತ್ತು ಕೋಟಿ ಜನ ಕತ್ತಲಲ್ಲಿ ಕೂತರು. ದಕ್ಷಿಣಕ್ಕೆ ಅದು ತಟ್ಟಲಿಲ್ಲ, ಯಾಕೆಂದರೆ ನಮ್ಮ ಜಾಲ ಉಳಿದ ದೇಶದ ಜಾಲದ ಜೊತೆ ಆಗ ಪೂರ್ತಿ ಬೆಸೆದಿರಲಿಲ್ಲ. ಅದೇ ಕಾರಣಕ್ಕೆ ಬೇರೆ ಕಡೆ ಕರೆಂಟು ಮಿಕ್ಕಿದ್ದರೂ ನಮಗೆ ಬೇಕಾದಷ್ಟು ತರಲು ಆಗುತ್ತಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು-ಸೋಲಾಪುರ ಲೈನ್ ಚಾಲೂ ಆದ ಮೇಲೆ ಇಡೀ ದೇಶ ಒಂದೇ ಜಾಲವಾಯಿತು. 2024ರ ಮೇ 30ರಂದು ದೇಶದ ಬೇಡಿಕೆ ಎರಡೂವರೆ ಲಕ್ಷ ಮೆಗಾವ್ಯಾಟ್ ಮುಟ್ಟಿತು, ಅದನ್ನೂ ಪೂರೈಸಿದರು. ನಮ್ಮ ರಾಜ್ಯದಲ್ಲೇ ಪಾವಗಡದ ಸೋಲಾರ್ ಪಾರ್ಕಿದೆ, ಎರಡು ಸಾವಿರ ಮೆಗಾವ್ಯಾಟಿನದು. 2023ರಲ್ಲಿ ಮುಂಗಾರು ಕೈಕೊಟ್ಟು, ಜಲಾಶಯ ತುಂಬದೆ, ಅಕ್ಟೋಬರ್‌ನಲ್ಲಿ ಪಂಪ್‌ಸೆಟ್ಟಿಗೆ ಏಳು ಗಂಟೆ ಇದ್ದದ್ದನ್ನು ಐದಕ್ಕೆ ಇಳಿಸಿದಾಗಲೂ ಪಂಜಾಬ್, ಉತ್ತರ ಪ್ರದೇಶದಿಂದ ಕರೆಂಟು ತರಿಸಿ ನಿಭಾಯಿಸಿದರು. ಇದೆಲ್ಲ ದೊಡ್ಡ ಕೆಲಸವೇ.

ಹಾಗಿದ್ದ ಮೇಲೆ ಕಾಗದದಲ್ಲಿ ಕೊರತೆ ಇಲ್ಲ ಅಂತಿರುವಾಗ ನಮ್ಮ ಮೋಟರ್ ಯಾಕೆ ನಿಂತಿದೆ? ನನಗೆ ಅರ್ಥವಾದಷ್ಟು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. ಕೊರತೆಯ ಲೆಕ್ಕ ರಾಜ್ಯದ ಮಟ್ಟದಲ್ಲಿ ಆಗುತ್ತದೆ. ರಾಜ್ಯ ಕೇಳಿದ್ದೆಷ್ಟು, ಸಿಕ್ಕಿದ್ದೆಷ್ಟು ಅಂತ. ನಮ್ಮ ಊರಿನ ಲೈನಿನ ಮೇಲೆ ಮರ ಬಿದ್ದು, ಟಿಸಿ ಸುಟ್ಟು, ಜಂಪ್ (ಕಂಬದ ಮೇಲಿನ ಜೋಡಣೆ ತಂತಿ) ಕಟ್ಟಾಗಿ ಕರೆಂಟು ಹೋದರೆ ಆ ಹೊತ್ತಿಗೆ ನಾವು ಕರೆಂಟು ಕೇಳಿದವರ ಲೆಕ್ಕದಲ್ಲೇ ಇರುವುದಿಲ್ಲ. ಮೋಟರ್ ಓಡದಿದ್ದರೆ ಬೇಡಿಕೆಯೇ ಇಲ್ಲ ಅಂತಾಯಿತು, ಅಲ್ವಾ? ರಾಜ್ಯಕ್ಕೆ ಬಂದು ತಲುಪಿದ ಕರೆಂಟು ನನ್ನ ಕೆರೆಯ ದಡಕ್ಕೆ ತಲುಪದಿದ್ದರೂ ಪುಸ್ತಕದಲ್ಲಿ ಕೊರತೆ ಸೊನ್ನೆ. ನನಗೆ ಕೊರತೆ ಆಗಿರುವುದು ಆ ಕೊನೆಯ ಮೂರು ನಾಲ್ಕು ಕಿಲೋಮೀಟರಿನಲ್ಲಿ.

ಒಂದು ಹಳೆಯ ಸಂಗತಿ ನೆನಪಿಸುತ್ತೇನೆ. 1902ರಲ್ಲಿ ಶಿವನಸಮುದ್ರದಲ್ಲಿ ಕರೆಂಟು ಹುಟ್ಟಿತು. ಅದು ಮೊದಲು ಹೋಗಿದ್ದು ಅರಮನೆಗೂ ಅಲ್ಲ, ಪೇಟೆಗೂ ಅಲ್ಲ, ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು ಆಮೇಲೆ, 1905ರಲ್ಲಿ. ಅಂದಿನವರು ಕೆಲಸ ಎಲ್ಲಿದೆ, ದುಡಿಮೆ ಎಲ್ಲಿದೆ ಅಂತ ನೋಡಿ ಅಲ್ಲಿಗೆ ಮೊದಲು ತಂತಿ ಎಳೆದರು. ಆ ಯಂತ್ರ ತಿರುಗಿಸಿದ್ದು ಕಾವೇರಿಯ ನೀರು. ಆ ಕಾವೇರಿ ಹುಟ್ಟುವುದು ನಮ್ಮ ತಲಕಾವೇರಿಯಲ್ಲಿ. ಮೈಸೂರಿನಿಂದ ಕೋಝಿಕ್ಕೋಡ್ ಕಡೆಗೆ ಹೋಗುವ 400 ಕಿಲೋವೋಲ್ಟ್ ಲೈನ್ ಕೂಡ ಕೊಡಗಿನ ತೋಟ, ಕಾಡುಗಳ ಮೇಲೆ ಹೋಗಿದೆ. ಅದಕ್ಕಾಗಿ ಸಾವಿರಾರು ಮರ ಉರುಳಿದವು. ಆಗ ನಮ್ಮವರು ಎಷ್ಟು ನೊಂದರು ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು. ನೀರು ನಮ್ಮದು, ಮರ ನಮ್ಮದು, ಹಾಗಾಗಿ ಕರೆಂಟು ನಮಗೇ ಮೊದಲು ಬೇಕು ಅಂತ ನಾನು ಹೇಳುತ್ತಿಲ್ಲ. ನದಿಯೂ ಲೈನೂ ಎಲ್ಲರದು. ಆದರೆ ಇಷ್ಟೆಲ್ಲ ಕೊಟ್ಟ ಜಿಲ್ಲೆಗೆ ವರ್ಷದಲ್ಲಿ ಕೆಲವೇ ತಿಂಗಳು ನಂಬಬಹುದಾದ ಕರೆಂಟು ಕೇಳುವ ಹಕ್ಕಿದೆ ಅಂದುಕೊಂಡಿದ್ದೇನೆ.

ಕೊಡಗು ಚಿಕ್ಕ ಜಿಲ್ಲೆ. ಆದರೂ ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಇಲ್ಲಿಂದ ಹೋಗುತ್ತದೆ. ಅದರಲ್ಲಿ ಹೆಚ್ಚಿನದು ಹಡಗು ಹತ್ತುತ್ತದೆ. 2024-25ರಲ್ಲಿ ದೇಶದ ಕಾಫಿ ರಫ್ತು ನೂರೈವತ್ತು ಕೋಟಿ ಡಾಲರ್ ದಾಟಿತು. ಕಾಫಿ ಅಂದರೆ ದೊಡ್ಡ ಎಸ್ಟೇಟು, ದೊಡ್ಡ ಬಂಗಲೆ ಅಂತ ಹೊರಗಿನವರು ತಿಳಿದಿರುತ್ತಾರೆ. ದೇಶದ ಕಾಫಿ ಬೆಳೆಗಾರರಲ್ಲಿ ನೂರಕ್ಕೆ 98ಕ್ಕೂ ಹೆಚ್ಚು ಮಂದಿ ಹತ್ತು ಹೆಕ್ಟೇರಿಗಿಂತ ಕಡಿಮೆ ಜಮೀನಿನವರು. ನನ್ನಂಥವರು. ಜನರೇಟರ್ ಇಡುವ ಶಕ್ತಿ ಇಲ್ಲದವರು.

ನಿಮ್ಮ ಕಷ್ಟವೂ ನನಗೆ ಗೊತ್ತಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಸುರಿಯುವ ಮಳೆಗೆ, ಬೀಸುವ ಗಾಳಿಗೆ ಯಾವ ಕಂಬ ನಿಲ್ಲುತ್ತದೆ? 2018ರ ಆಗಸ್ಟ್‌ನಲ್ಲಿ ಗುಡ್ಡಗಳೇ ಜಾರಿದಾಗ ಪವರ್‌ಮ್ಯಾನ್‌ಗಳು ಕೆಸರಿನಲ್ಲಿ ಕಂಬ ಹೊತ್ತುಕೊಂಡು ಹೋಗಿದ್ದನ್ನು ನಾನು ಮರೆತಿಲ್ಲ. ನಮ್ಮ ಭಾಗದ ಹುಡುಗ ಒಬ್ಬನೇ ಎಷ್ಟೋ ಊರು ನೋಡಿಕೊಳ್ಳುತ್ತಾನೆ. ರಾತ್ರಿ ಎರಡಕ್ಕೆ ಫೋನ್ ಮಾಡಿದರೂ ಎತ್ತುತ್ತಾನೆ. ಮಳೆಕೋಟು ಹಾಕಿಕೊಂಡು ಬೈಕಿನಲ್ಲಿ ಬರುತ್ತಾನೆ. ಅವನನ್ನು ಯಾರಾದರೂ ಬೈದರೆ ನನಗೆ ಸಿಟ್ಟು ಬರುತ್ತದೆ. ಮಳೆಗಾಲದಲ್ಲಿ ಎರಡು ದಿನ, ಮೂರು ದಿನ ಕರೆಂಟು ಇಲ್ಲದೆ ಇದ್ದು ನಮಗೆ ಅಭ್ಯಾಸವಿದೆ. ಅದರ ಬಗ್ಗೆ ಈ ಪತ್ರದಲ್ಲಿ ದೂರಿಲ್ಲ. ನನ್ನ ದೂರು ಗಾಳಿ-ಮಳೆ ಇಲ್ಲದ ಡಿಸೆಂಬರ್, ಫೆಬ್ರವರಿ, ಮಾರ್ಚ್ ತಿಂಗಳದು.

ನಮ್ಮ ತಪ್ಪೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಲೈನಿಗೆ ತಾಗುವ ಸಿಲ್ವರ್ ಓಕಿನ ಕೊಂಬೆ ಕಡಿಯಲು ಬಂದರೆ ಬೆಳೆಗಾರರೇ ತಡೆಯುತ್ತಾರೆ, ಮೆಣಸಿನ ಬಳ್ಳಿ ಹೋಗುತ್ತದೆ ಅಂತ. 10 ಎಚ್‌ಪಿ ಬರೆಸಿ 15 ಎಚ್‌ಪಿ ಮೋಟರ್ ಇಳಿಸಿದವರೂ ಇದ್ದಾರೆ. ಟಿಸಿ ಸುಡುವುದರಲ್ಲಿ ಅವರ ಪಾಲೂ ಇದೆ. ಈ ಬಗ್ಗೆ ನಮ್ಮ ಊರಿನ ಬೆಳೆಗಾರರ ಸಭೆಯಲ್ಲಿ ನಾನು ಮಾತಾಡಿದ್ದೇನೆ. ಮರ ಸವರಲು ಜನವರಿಯಲ್ಲಿ ನಾವೇ ಆಳು ಕೊಡುತ್ತೇವೆ, ಆ ಹೊತ್ತಿಗೆ ಕರೆಂಟು ತೆಗೆಸಿ ಲೈನ್ ಕ್ಲಿಯರ್ ಕೊಡಿಸಿ, ನಿಮ್ಮವರೊಬ್ಬರು ನಿಂತು ತೋರಿಸಲಿ. ಮೋಟರ್ ತಪಾಸಣೆಗೂ ಬನ್ನಿ. ಮೊದಲು ನನ್ನ ಕೆರೆಗೇ ಬನ್ನಿ.

ಈಗ ಕೋರಿಕೆಗೆ ಬರುತ್ತೇನೆ.

ಎಲ್ಲಕ್ಕಿಂತ ಮೊದಲು, ಫೆಬ್ರವರಿ ಮೊದಲ ವಾರದಿಂದ ಮಾರ್ಚ್ ಕೊನೆಯವರೆಗೆ ಕಾಫಿ ಭಾಗದ ಲೈನುಗಳಿಗೆ ಹಗಲು ಹೊತ್ತು ಏಳು ಗಂಟೆ ತ್ರೀ ಫೇಸ್ ಕರೆಂಟು ಒಂದೇ ಸಮನೆ ಕೊಡಿ. ಎಲ್ಲ ಊರಿಗೂ ಒಟ್ಟಿಗೆ ಕೊಡಲು ಆಗದಿದ್ದರೆ ಸರದಿ ಮಾಡಿ. ಒಂದು ಊರಿಗೆ ಬೆಳಗ್ಗೆ, ಪಕ್ಕದ ಊರಿಗೆ ಮಧ್ಯಾಹ್ನ. ನಾಲ್ಕು ದಿನ ನಮಗೆ, ನಾಲ್ಕು ದಿನ ಅವರಿಗೆ ಅಂದರೂ ಒಪ್ಪುತ್ತೇವೆ. ಮೊದಲೇ ಗೊತ್ತಿದ್ದರೆ ನಮ್ಮ ನಮ್ಮಲ್ಲೇ ಹೊಂದಿಸಿಕೊಳ್ಳುತ್ತೇವೆ, ಟಿಸಿ ಮೇಲಿನ ಭಾರವೂ ಇಳಿಯುತ್ತದೆ. ಹಗಲೇ ಯಾಕೆ ಅಂದರೆ ಆನೆಯ ಮಾತು ಆಗಲೇ ಹೇಳಿದೆ. ಇನ್ನೊಂದು ಕಾರಣವೂ ಇದೆ. ಆ ಎರಡು ತಿಂಗಳು ಬಿಸಿಲು ಚೆನ್ನಾಗಿರುತ್ತದೆ, ರಾಜ್ಯದಲ್ಲಿ ಸೋಲಾರ್ ಕರೆಂಟು ಹೆಚ್ಚು ಹುಟ್ಟುವುದು ಆ ಹಗಲಿನಲ್ಲೇ. ನಮಗೆ ಬೇಕಾದ ಹೊತ್ತು, ಸೂರ್ಯ ಕೊಡುವ ಹೊತ್ತು ಎರಡೂ ಒಂದೇ. ರಾತ್ರಿ ಕೊಟ್ಟು ನಮ್ಮನ್ನು ಕತ್ತಲಲ್ಲಿ ತೋಟಕ್ಕೆ ಕಳಿಸುವುದರಲ್ಲಿ ಯಾರಿಗೆ ಲಾಭ?

ಕುಯ್ಲಿನ ಕಾಲದಲ್ಲಿ, ನವೆಂಬರ್ ಕೊನೆಯಿಂದ ಜನವರಿವರೆಗೆ, ಮಧ್ಯಾಹ್ನ ಮೂರರಿಂದ ರಾತ್ರಿ ಎಂಟರವರೆಗೆ ರಿಪೇರಿಗಾಗಿ ಕರೆಂಟು ತೆಗೆಯಬೇಡಿ. ಆ ಕೆಲಸವನ್ನು ಬೆಳಗ್ಗೆ ಮಾಡಿಸಿ. ತೆಗೆಯಲೇಬೇಕಾದರೆ ಹಿಂದಿನ ದಿನ ಒಂದು ಮೆಸೇಜ್ ಹಾಕಿಸಿ. ನಾಳೆ ಸಂಜೆ ಕರೆಂಟು ಇಲ್ಲ ಅಂತ ಗೊತ್ತಾದರೆ ನಾವು ಆ ದಿನ ಹಣ್ಣನ್ನೇ ಕುಯ್ಯುವುದಿಲ್ಲ. ಗಿಡದಲ್ಲಿದ್ದ ಹಣ್ಣು ಒಂದು ದಿನ ತಾಳುತ್ತದೆ, ರಾಶಿಯಲ್ಲಿದ್ದದ್ದು ತಾಳುವುದಿಲ್ಲ. ಒಂದು ಮೆಸೇಜಿಗೆ ನಿಮಗೆ ಖರ್ಚಾಗುವುದು ಕೆಲವು ಪೈಸೆ, ನಮಗೆ ಉಳಿಯುವುದು ಒಂದು ದಿನದ ಕುಯ್ಲು.

ಇನ್ನು, ಪ್ರತಿ ಫೀಡರಿನಲ್ಲಿ (ಸಬ್‌ಸ್ಟೇಷನ್ನಿನಿಂದ ಊರುಗಳಿಗೆ ಬರುವ ಲೈನಿನಲ್ಲಿ) ತಿಂಗಳಿಗೆ ಎಷ್ಟು ಸಲ ಕರೆಂಟು ಹೋಯಿತು, ಒಟ್ಟು ಎಷ್ಟು ಗಂಟೆ ಇರಲಿಲ್ಲ ಎಂಬ ಪಟ್ಟಿಯನ್ನು ಆಯಾ ಗ್ರಾಮ ಪಂಚಾಯಿತಿಯ ಬೋರ್ಡಿಗೆ ಅಂಟಿಸಿ. ಈ ಲೆಕ್ಕ ಇಡುವುದು ಹೊಸ ಕೆಲಸವೇನೂ ಅಲ್ಲ. ಕೇಂದ್ರ ಸರ್ಕಾರ 2020ರ ಡಿಸೆಂಬರ್‌ನಲ್ಲಿ ಗ್ರಾಹಕರ ಹಕ್ಕಿನ ನಿಯಮ ತಂದಿದೆ. ಗ್ರಾಹಕರಿಗೆ ದಿನದ 24 ಗಂಟೆಯೂ ಕರೆಂಟು ಕೊಡಬೇಕು, ನಿಗದಿಯಾದ ಮಟ್ಟದ ಸೇವೆ ಕೊಡದಿದ್ದರೆ ಪರಿಹಾರ ಕೊಡಬೇಕು ಅಂತ ಅದರಲ್ಲಿದೆ. ಕೃಷಿಯಂಥ ಕೆಲವು ಬಗೆಯ ಬಳಕೆದಾರರಿಗೆ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಕಡಿಮೆ ಗಂಟೆ ನಿಗದಿ ಮಾಡಬಹುದು ಅಂತಲೂ ಇದೆ, ಅದು ನನಗೆ ಗೊತ್ತು. ಕಡಿಮೆ ಗಂಟೆಗೆ ನನ್ನ ತಕರಾರಿಲ್ಲ. ನಿಗದಿಯಾದ ಗಂಟೆಗಳಾದರೂ ಸಿಕ್ಕವೋ ಇಲ್ಲವೋ ಅಂತ ಊರಿನವರಿಗೆ ಕಾಣಬೇಕು. ಆಗ ನಾನು ಹೇಳುವುದು ಸುಳ್ಳೋ ನಿಜವೋ ಅಂತಲೂ ಗೊತ್ತಾಗುತ್ತದೆ.

ಟಿಸಿಗಳ ವಿಷಯ. ನಮ್ಮ ಊರಿನ ಟಿಸಿ ಹಾಕಿದಾಗ ಅದರ ಮೇಲೆ ನಾಲ್ಕು ಮೋಟರ್ ಇದ್ದವು, ಈಗ ಹನ್ನೊಂದು ಇವೆ. ಇನ್ನೊಂದು ಟಿಸಿ ಹಾಕಿ ಭಾರ ಹಂಚಿ. ತೋಟದ ನಡುವೆ ಹೋಗುವ ಲೈನಿಗೆ ಹೊದಿಕೆ ಇರುವ ತಂತಿ ಹಾಕಿಸಿದರೆ ಕೊಂಬೆ ತಾಗಿದ ಮಾತ್ರಕ್ಕೆ ಕರೆಂಟು ಹೋಗುವುದಿಲ್ಲ. ಎಲ್ಲ ಕಡೆ ಒಟ್ಟಿಗೆ ಬೇಡ. ಅತಿ ಹೆಚ್ಚು ಸಲ ಕರೆಂಟು ಹೋಗುವ ಕಡೆಯಿಂದ ಶುರು ಮಾಡಿ. ಪವರ್‌ಮ್ಯಾನ್‌ಗಳ ಖಾಲಿ ಜಾಗ ತುಂಬಿ, ಅವರಿಗೆ ಒಳ್ಳೆ ಕೈಗವಸು, ಬೆಲ್ಟು, ಏಣಿ ಕೊಡಿ. ಇದನ್ನು ನಾನು ಅವರ ಪರವಾಗಿಯೂ ಕೇಳುತ್ತಿದ್ದೇನೆ, ಅವರು ನಿಮ್ಮ ಮುಂದೆ ಬಾಯಿ ಬಿಟ್ಟು ಕೇಳುವುದಿಲ್ಲ.

ಹುರಿಯುವ, ಪುಡಿ ಮಾಡುವ, ಜೇನು, ಮಸಾಲೆ ಪ್ಯಾಕ್ ಮಾಡುವ ಮನೆಮಟ್ಟದ ಘಟಕಗಳು ನಮ್ಮ ಜಿಲ್ಲೆಯಲ್ಲಿ ಹೆಚ್ಚುತ್ತಿವೆ. ಹೆಚ್ಚಿನವನ್ನು ನಡೆಸುವುದು ಹೆಣ್ಣುಮಕ್ಕಳು. ಅವರ ಚಾವಣಿಗೆ ಸೋಲಾರ್, ಅದರ ಜೊತೆಗೆ ಅರ್ಧ ಗಂಟೆ ಯಂತ್ರ ಓಡಿಸುವಷ್ಟು ಬ್ಯಾಟರಿ ಹಾಕಿಕೊಳ್ಳಲು ಕಡಿಮೆ ಬಡ್ಡಿಯ ಸಾಲ ಸಿಗುವ ಹಾಗೆ ಮಾಡಿ. ಆ ಅರ್ಧ ಗಂಟೆಯಲ್ಲಿ ಡ್ರಮ್ಮಿನಲ್ಲಿದ್ದ ಬೀಜ ಹೊರಗೆ ಬಂದು ತಣ್ಣಗಾಗುತ್ತದೆ. ಅಷ್ಟೇ ಸಾಕು ಅಂತ ಆ ಅಕ್ಕ ಹೇಳಿದ್ದಾರೆ.

ಇದರಲ್ಲಿ ಹೊಸ ಅಣೆಕಟ್ಟು, ಹೊಸ ಸ್ಥಾವರ ಬೇಕಾದ ಕೋರಿಕೆ ಒಂದೂ ಇಲ್ಲ. ಹೊಸ ಕಾಡು ಮುಳುಗಿಸಿ ನಮಗೆ ಕರೆಂಟು ಕೊಡಿ ಅಂತ ನಾವು ಎಂದೂ ಕೇಳುವುದಿಲ್ಲ.

ಈ ವರ್ಷದ ಕುಯ್ಲು ಮುಗಿಯುತ್ತಾ ಬಂದಿದೆ. ಗಿಡದಲ್ಲಿ ಮೊಗ್ಗು ಆಗಲೇ ಕಾಣುತ್ತಿದೆ. ಕೆರೆಯಲ್ಲಿ ನೀರಿದೆ, ಮೋಟರ್ ರಿಪೇರಿ ಆಗಿದೆ, ಪೈಪುಗಳನ್ನು ಜೋಡಿಸಿಟ್ಟಿದ್ದೇನೆ. ಜನವರಿ ಮುಗಿಯುವುದರೊಳಗೆ ನಮ್ಮ ಊರಿನ ಕರೆಂಟಿನ ವೇಳಾಪಟ್ಟಿಯನ್ನು ಪಂಚಾಯಿತಿ ಬೋರ್ಡಿನಲ್ಲಿ ಹಾಕಿಸಿಕೊಡಿ. ನಿಮ್ಮಲ್ಲಿ ಯಾರಾದರೂ ಒಬ್ಬರು ಫೆಬ್ರವರಿಯ ಒಂದು ದಿನ ನಮ್ಮ ತೋಟಕ್ಕೆ ಬಂದರೆ, ಆ ವೇಳಾಪಟ್ಟಿ ಹಿಡಿದುಕೊಂಡು ಮೋಟರಿನ ಪಕ್ಕದಲ್ಲಿ ಇಬ್ಬರೂ ನಿಂತು ನೋಡೋಣ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಕಾಫಿ ಬೆಳೆಗಾರ,
ಸುಂಟಿಕೊಪ್ಪ ಹೋಬಳಿ, ಕೊಡಗು